ದೊಡ್ಡ ಊರಿಗೆ ಗಿಡ್ಡ ಸಂಖ್ಯೆ, ಸಣ್ಣ ಊರಿಗೆ ಉದ್ದ ಸಂಖ್ಯೆ

ಎಸ್‌ಟಿಡಿ ಬೂತುಗಳು ಬೀದಿಗೊಂದರಂತೆ ಇದ್ದ ಕಾಲದಲ್ಲಿ ರಾಣೆಬೆನ್ನೂರಿನವರಿಗೆ ಕೆಲವು ಅಂಕಿಗಳು ಮಗ್ಗಿಯಂತೆ ಬಾಯಿಪಾಠವಾಗಿದ್ದವು. ಬೆಂಗಳೂರಿಗೆ 080. ಹುಬ್ಬಳ್ಳಿಗೆ 0836. ಹಾವೇರಿಗೆ 08375. ಸ್ವಂತ ಊರಿನದು 08373. ಮೊದಲ ಸೊನ್ನೆ ಎಲ್ಲರಿಗೂ ಒಂದೇ. ಅದನ್ನು ಬಿಟ್ಟರೆ ರಾಜಧಾನಿಗೆ ಎರಡಂಕಿ, ವಾಣಿಜ್ಯ ನಗರಿಗೆ ಮೂರಂಕಿ, ತಾಲ್ಲೂಕು ಕೇಂದ್ರಕ್ಕೆ ನಾಲ್ಕಂಕಿ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಗುಂಡಿ ಒತ್ತುತ್ತಿದ್ದವರಲ್ಲಿ ಎಷ್ಟು ಜನ ಈ ತಾರತಮ್ಯವನ್ನು ಗಮನಿಸಿದ್ದರೋ!

ಇನ್ನೊಂದು ಸಂಗತಿಯೂ ಇದೆ. 80 ಎಂದು ಶುರುವಾಗುವ ಬೇರೆ ಯಾವ ಊರಿನ ಸಂಖ್ಯೆಯೂ ಇಲ್ಲ. 836ರ ಮುಂದೆ ಇನ್ನೊಂದು ಅಂಕಿ ಸೇರಿಸಿ ಇನ್ನೊಂದು ಊರಿಗೆ ಕೊಟ್ಟಿಲ್ಲ. 837 ಎಂಬುದು ಯಾವ ಊರಿಗೂ ಪೂರ್ಣ ಸಂಖ್ಯೆಯಲ್ಲ. ಅದನ್ನು ಒತ್ತಿದ ಮೇಲೆ 3 ಬಂದರೆ ರಾಣೆಬೆನ್ನೂರು, 5 ಬಂದರೆ ಹಾವೇರಿ. ಹೀಗಾಗಿ ದೂರವಾಣಿ ಕೇಂದ್ರದ ಯಂತ್ರಕ್ಕೆ ‘ಊರಿನ ಸಂಖ್ಯೆ ಇಲ್ಲಿಗೆ ಮುಗಿಯಿತು’ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅಂಕಿಗಳು ಬರುತ್ತಿದ್ದಂತೆಯೇ ಅದಕ್ಕೆ ತಾನಾಗಿ ತಿಳಿಯುತ್ತಿತ್ತು. ಒಂದು ಸಂಕೇತ ಮತ್ತೊಂದರ ಮೊದಲ ತುಣುಕಾಗಬಾರದು, ಅಷ್ಟೇ ನಿಯಮ. ಗಣಕವಿಜ್ಞಾನದಲ್ಲಿ ಇಂಥವನ್ನು ಪ್ರಿಫಿಕ್ಸ್ ಸಂಕೇತಗಳು ಎನ್ನುತ್ತಾರೆ. ಭಾರತದಲ್ಲಿ ಎಸ್‌ಟಿಡಿ ಶುರುವಾದದ್ದು 1960ರಲ್ಲಿ, ಕಾನಪುರ ಮತ್ತು ಲಖನೌ ನಡುವೆ. ಆ ಹೊತ್ತಿಗೆ ಈ ನಿಯಮದ ಗಣಿತ ಸಿದ್ಧವಾಗಿ ಹತ್ತು ವರ್ಷ ದಾಟಿತ್ತು.

ಗಣಿತವೇನೂ ಕಷ್ಟದ್ದಲ್ಲ. ಎರಡಂಕಿಯ 80 ಅನ್ನು ಬೆಂಗಳೂರಿಗೆ ಕೊಟ್ಟ ಕೂಡಲೇ ಇಡೀ ದೇಶದ ಸಂಖ್ಯೆಗಳಲ್ಲಿ ನೂರರಲ್ಲೊಂದು ಪಾಲು ಅಲ್ಲೇ ಖರ್ಚಾಯಿತು. ಹುಬ್ಬಳ್ಳಿಯದು ಸಾವಿರದಲ್ಲೊಂದು ಪಾಲು. ರಾಣೆಬೆನ್ನೂರಿನದು ಹತ್ತು ಸಾವಿರದಲ್ಲೊಂದು. ಎಲ್ಲ ಪಾಲುಗಳನ್ನು ಕೂಡಿಸಿದರೆ ಒಂದನ್ನು ಮೀರುವಂತಿಲ್ಲ. ಹೊಲದ ಹಿಸ್ಸೆ ಇದ್ದ ಹಾಗೆ: ಅಣ್ಣನಿಗೆ ದೊಡ್ಡ ತುಂಡು ಹೋದರೆ ತಮ್ಮಂದಿರು ಉಳಿದದ್ದರಲ್ಲೇ ಹೊಂದಿಸಿಕೊಳ್ಳಬೇಕು. ಗಿಡ್ಡ ಸಂಕೇತ ದುಬಾರಿ ವಸ್ತು. ಅದನ್ನು ಯಾರಿಗೆ ಕೊಡಬೇಕು? ದೂರವಾಣಿ ಇಲಾಖೆ ನೋಡಿದ್ದು ಊರಿನಲ್ಲಿ ಎಷ್ಟು ಫೋನುಗಳಿಗೆ ಜಾಗ ಬೇಕು ಎಂಬುದನ್ನು. ಸುದ್ದಿ ಕಳಿಸುವವರು ನೋಡುವುದು ಯಾವುದು ಹೆಚ್ಚು ಸಲ ಬರುತ್ತದೆ ಎಂಬುದನ್ನು.

ಎಣಿಸಿ ಕೊಡುವ ಈ ಪದ್ಧತಿ ತಂತಿಯಷ್ಟು ಹಳೆಯದು. ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ‘ಇ’ ಅಕ್ಷರಕ್ಕೆ ಒಂದೇ ಒಂದು ಚುಕ್ಕೆ, ‘ಟಿ’ಗೆ ಒಂದೇ ಗೀಟು. ಅಪರೂಪದ ‘ಕ್ಯೂ’, ‘ಝಡ್’‌ಗಳಿಗೆ ನಾಲ್ಕು ನಾಲ್ಕು ಹೊಡೆತ. ಮೋರ್ಸನ ಜೊತೆಗಾರ ಆಲ್ಫ್ರೆಡ್ ವೇಲ್ ಒಂದು ಅಚ್ಚುಕೂಟಕ್ಕೆ ಹೋಗಿ ಯಾವ ಅಕ್ಷರದ ಮೊಳೆ ಎಷ್ಟಿವೆ ಎಂದು ನೋಡಿಕೊಂಡು ಬಂದನೆಂಬ ಕಥೆಯಿದೆ. ಆದರೆ ಮೋರ್ಸ್‌ನಲ್ಲಿ ಒಂದು ಕೊರತೆ. ಒಂದು ಚುಕ್ಕೆ ‘ಇ’, ಎರಡು ಚುಕ್ಕೆ ‘ಐ’, ಮೂರು ಚುಕ್ಕೆ ‘ಎಸ್’. ಒಂದು ಇನ್ನೊಂದರ ಹೊಟ್ಟೆಯಲ್ಲಿದೆ. ಅಕ್ಷರ ಅಕ್ಷರಕ್ಕೂ ನಡುವೆ ತಡೆದು ಬಡಿಯದಿದ್ದರೆ ಅರ್ಥ ಕೆಡುತ್ತದೆ. ಮೌನವೂ ಅಲ್ಲಿ ಒಂದು ಚಿಹ್ನೆ.

ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ನಿಲ್ದಾಣಗಳಲ್ಲಿ, ಊರಿನ ಅಂಚೆ–ತಂತಿ ಕಚೇರಿಗಳಲ್ಲಿ ಕಟ–ಕಡ ಎಂದು ಬಡಿಯುತ್ತಿದ್ದದ್ದು ಇದೇ ಇಂಗ್ಲಿಷಿನ ಎಣಿಕೆ. ದೇವನಾಗರಿಯ ತಂತಿ 1949ರಲ್ಲಿ ಬಂತು. ಕನ್ನಡಿಗರು ಸಾಮಾನ್ಯವಾಗಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟರು, ಇಲ್ಲವೇ ‘ಸ್ಟಾರ್ಟ್ ಇಮಿಡಿಯೆಟ್ಲಿ’ ಎಂದು ಇಂಗ್ಲಿಷಿನಲ್ಲೇ ಗಾಬರಿ ಹುಟ್ಟಿಸಿದರು. 2013ರ ಜುಲೈ 14ರಂದು ದೇಶದ ಕೊನೆಯ ತಂತಿಗಳನ್ನು ಸ್ವೀಕರಿಸಿ ಸೇವೆ ನಿಲ್ಲಿಸಲಾಯಿತು. ಯಾರ ಭಾಷೆಯನ್ನು ಎಣಿಸಿ ಸಂಕೇತ ಕಟ್ಟಬೇಕು ಎಂಬ ಪ್ರಶ್ನೆ ಮಾತ್ರ ತಂತಿಯ ಜೊತೆಗೆ ಹೋಗಲಿಲ್ಲ.

ಗುಮಾಸ್ತರ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ರಾಣೆಬೆನ್ನೂರಿನ ಒಂದು ದಲಾಲಿ ಅಂಗಡಿ ಬ್ಯಾಡಗಿಯ ಇನ್ನೊಂದು ಅಂಗಡಿಗೆ ಪ್ರತಿ ಚೀಲಕ್ಕೂ ಒಂದು ಸುದ್ದಿ ಕಳಿಸಬೇಕು: ಬಂದ ಮಾಲು ಯಾವುದು? ಮಾಲು ನಾಲ್ಕು ಬಗೆ: ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಶೇಂಗಾ. ಕಳಿಸಲು ಇರುವುದು 0 ಮತ್ತು 1 ಎಂಬ ಎರಡೇ ಚಿಹ್ನೆ. ಎಲ್ಲಕ್ಕೂ ಸಮನಾಗಿ ಎರಡೆರಡು ಚಿಹ್ನೆ ಕೊಟ್ಟರೆ ನೂರು ಚೀಲಕ್ಕೆ 200 ಬಿಟ್.

ಸುಗ್ಗಿಯಲ್ಲಿ ನೂರಕ್ಕೆ 50 ಗೋವಿನಜೋಳ, 25 ಹತ್ತಿ, 15 ಮೆಣಸಿನಕಾಯಿ, 10 ಶೇಂಗಾ ಎನ್ನಿ. ಆಗ ಅತಿ ಕಡಿಮೆಯ ಎರಡನ್ನು ಒಂದು ಗಂಟು ಕಟ್ಟಿ: ಶೇಂಗಾ, ಮೆಣಸಿನಕಾಯಿ ಸೇರಿ 25. ಈಗ ಉಳಿದವುಗಳಲ್ಲಿ ಮತ್ತೆ ಅತಿ ಕಡಿಮೆಯ ಎರಡು: ಈ ಗಂಟು ಮತ್ತು ಹತ್ತಿ. ಸೇರಿ 50. ಅದನ್ನು ಗೋವಿನಜೋಳದ ಜೊತೆ ಕಟ್ಟಿದರೆ 100, ಕೆಲಸ ಮುಗಿಯಿತು. ಗಂಟು ಬಿಚ್ಚುತ್ತ ಹೋದಂತೆ ಒಂದು ಕಡೆಗೆ 0, ಇನ್ನೊಂದು ಕಡೆಗೆ 1 ಎಂದು ಗುರುತು ಹಾಕಿ. ಗೋವಿನಜೋಳಕ್ಕೆ 0, ಹತ್ತಿಗೆ 10, ಮೆಣಸಿನಕಾಯಿಗೆ 110, ಶೇಂಗಾಕ್ಕೆ 111. ಒಟ್ಟು ಖರ್ಚು 175 ಬಿಟ್. ಕಳೆದದ್ದು ಏನೂ ಇಲ್ಲ. ಆ ಕಡೆ ಬಿಚ್ಚಿದರೆ ನೂರು ಚೀಲದ ಹೆಸರೂ ಚಾಚೂ ತಪ್ಪದೆ ಸಿಗುತ್ತವೆ. ಫೋಟೊ ಅಡಕಗೊಳಿಸುವಾಗ ಕಣ್ಣಿಗೆ ಕಾಣದ ಸೂಕ್ಷ್ಮಗಳನ್ನು ಬಿಟ್ಟುಬಿಡುವುದುಂಟು; ದರಪಟ್ಟಿಯಲ್ಲಿ ಒಂದು ಸೊನ್ನೆ ಬಿಟ್ಟರೆ ನಡೆದೀತೆ?

ಚಿಕ್ಕವುಗಳಿಂದ ಮೇಲಕ್ಕೆ ಕಟ್ಟುತ್ತ ಬರುವ ಈ ಉಪಾಯ ಡೇವಿಡ್ ಹಫ್‌ಮನ್ ಎಂಬಾತನದು. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪ್ರಾಧ್ಯಾಪಕ ರಾಬರ್ಟ್ ಫ್ಯಾನೊ ತರಗತಿಗೆ ಒಂದು ಆಯ್ಕೆ ಕೊಟ್ಟರು: ಕೊನೆಯ ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಪ್ರಬಂಧ ಒಪ್ಪಿಸಿ. ಪ್ರಬಂಧದ ವಿಷಯ, ಎಲ್ಲಕ್ಕಿಂತ ಕಡಿಮೆ ಖರ್ಚಿನ ಸಂಕೇತ ಹುಡುಕುವುದು. ಸ್ವತಃ ಫ್ಯಾನೊ ಹಾಗೂ ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್ ಇದಕ್ಕೆ ಪೂರ್ಣ ಉತ್ತರ ಕಂಡಿರಲಿಲ್ಲ. ಅವರ ವಿಧಾನ ಮೇಲಿನಿಂದ ಒಡೆಯುತ್ತ ಬರುವುದಾಗಿತ್ತು. ವಿದ್ಯಾರ್ಥಿಗೆ ಈ ಗುಟ್ಟು ಗೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ತಿಂಗಳುಗಟ್ಟಲೆ ಒದ್ದಾಡಿ, ಇನ್ನು ಪರೀಕ್ಷೆಗೇ ಓದೋಣವೆಂದು ಕೈಚೆಲ್ಲುವ ಹೊತ್ತಿಗೆ ಕೆಳಗಿನಿಂದ ಕಟ್ಟುವ ದಾರಿ ಹೊಳೆಯಿತು. 1952ರಲ್ಲಿ ಅಚ್ಚಾಯಿತು. ಜಿಪ್ ಕಡತದಲ್ಲಿ, ಮೊಬೈಲಿನ ಫೋಟೊದಲ್ಲಿ, ಎಂಪಿ3 ಹಾಡಿನಲ್ಲಿ ಇವತ್ತಿಗೂ ಆ ಗಂಟುಗಳಿವೆ.

ಇರಲಿ, ನಮ್ಮ ಗುಮಾಸ್ತರತ್ತ ಬರೋಣ. ಸುಗ್ಗಿ ಕಳೆದು ಮೆಣಸಿನಕಾಯಿ ಕಾಲ ಬಂತು. ಈಗ ನೂರಕ್ಕೆ 60 ಮೆಣಸಿನಕಾಯಿ, 20 ಹತ್ತಿ, 10 ಗೋವಿನಜೋಳ, 10 ಶೇಂಗಾ. ಹಳೆಯ ಸಂಕೇತವನ್ನೇ ಹಿಡಿದು ಕೂತರೆ ಖರ್ಚು 260 ಬಿಟ್! ಏನೂ ಬುದ್ಧಿ ಓಡಿಸದೆ ಎಲ್ಲಕ್ಕೂ ಎರಡೆರಡು ಕೊಟ್ಟಿದ್ದರೂ 200ರಲ್ಲಿ ಮುಗಿಯುತ್ತಿತ್ತು. ಹೊಸದಾಗಿ ಎಣಿಸಿ ಕಟ್ಟಿದರೆ 160 ಸಾಕು. ಎಂದರೆ, ತಪ್ಪು ಎಣಿಕೆಯ ಮೇಲೆ ಕಟ್ಟಿದ ಜಾಣ ಸಂಕೇತ ದಡ್ಡ ಸಂಕೇತಕ್ಕಿಂತ ದುಬಾರಿ.

ಹಾಗಾದರೆ ಪ್ರತಿ ಸಲ ಮೊದಲು ಎಲ್ಲವನ್ನೂ ಎಣಿಸಿ, ಆಮೇಲೆ ಕಳಿಸಿದರಾಯಿತಲ್ಲ? ಆಗ ಎರಡು ತೊಂದರೆ. ಎಣಿಸಿ ಮುಗಿಯುವ ತನಕ ಸುದ್ದಿ ಹೊರಡುವುದಿಲ್ಲ. ಮತ್ತು ಹೊಸ ಸಂಕೇತದ ಕೋಷ್ಟಕವನ್ನು ಆ ಕಡೆಯವನಿಗೂ ಕಳಿಸಬೇಕು; ಸುದ್ದಿ ಚಿಕ್ಕದಿದ್ದರೆ ಕುದುರೆಗಿಂತ ಜೀನಿನ ತೂಕವೇ ಹೆಚ್ಚಾಗುತ್ತದೆ.

ಕಲಿಯುತ್ತ ಹೋಗುವ ಗಂಟು

ಪರಿಹಾರ ಸೊಗಸಾಗಿದೆ. ಎರಡೂ ಅಂಗಡಿಗಳಲ್ಲಿ ಒಂದೇ ರೀತಿಯ ಖಾತೆ ಪುಸ್ತಕ ಇರಲಿ. ಪ್ರತಿ ಸುದ್ದಿ ಹೋದ ಮೇಲೆ ರಾಣೆಬೆನ್ನೂರಿನ ಗುಮಾಸ್ತ ತನ್ನ ಪುಸ್ತಕದಲ್ಲಿ ಆ ಮಾಲಿಗೆ ಒಂದು ಗೀಟು ಹಾಕುತ್ತಾನೆ. ಸುದ್ದಿ ಬಿಡಿಸಿಕೊಂಡ ಬ್ಯಾಡಗಿಯವನೂ ತನ್ನಲ್ಲಿ ಅದೇ ಗೀಟು ಹಾಕುತ್ತಾನೆ. ಇಬ್ಬರೂ ಒಂದೇ ನಿಯಮದಂತೆ ಗಂಟುಗಳನ್ನು ಸರಿಪಡಿಸಿಕೊಳ್ಳುತ್ತಾರೆ. ಕೋಷ್ಟಕ ಕಳಿಸುವ ಮಾತೇ ಇಲ್ಲ, ಏಕೆಂದರೆ ಅದು ಎರಡೂ ಕಡೆ ತಾನಾಗಿ ಬೆಳೆಯುತ್ತಿದೆ. ಹಿಂದೆ ಬಂದದ್ದೇ ಮುಂದಿನದಕ್ಕೆ ಪಾಠ.

ಪ್ರತಿ ಗೀಟಿಗೂ ಇಡೀ ಗಂಟನ್ನು ಬಿಚ್ಚಿ ಕಟ್ಟುವುದಾದರೆ ಗುಮಾಸ್ತರು ಕೆಲಸ ಬಿಟ್ಟು ಓಡಿಯಾರು. ಅಲ್ಲಿಯೂ ಒಂದು ಯುಕ್ತಿಯಿದೆ. ಶಾಲೆಯ ಡ್ರಿಲ್ಲಿನಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಾರಲ್ಲ, ಹಾಗೆ ಎಲ್ಲ ಗಂಟುಗಳನ್ನೂ ಎಣಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿ. ಒಬ್ಬ ಹುಡುಗ ಒಂದಂಗುಲ ಬೆಳೆಯುವವನಿದ್ದಾನೆ ಎನ್ನಿ. ಬೆಳೆಯುವ ಮೊದಲು ಅವನು ತನ್ನದೇ ಎತ್ತರದ ಹುಡುಗರಲ್ಲಿ ಅತಿ ಮುಂದಿರುವವನ ಜೊತೆ ಜಾಗ ಬದಲಿಸಲಿ, ಆಮೇಲೆ ಬೆಳೆಯಲಿ. ಸಾಲು ಕೆಡುವುದೇ ಇಲ್ಲ. ಗಂಟಿನಲ್ಲಿಯೂ ಹೀಗೆಯೇ: ಎಣಿಕೆ ಏರುವ ಮಾಲು ತನಗೆ ಸಮನಾದವುಗಳಲ್ಲಿ ಮುಂದಿನದರೊಡನೆ ಜಾಗ ಬದಲಿಸಿ, ನಂತರ ಒಂದು ಗೀಟು ಪಡೆಯುತ್ತದೆ, ಆಮೇಲೆ ಅದನ್ನು ಒಳಗಿಟ್ಟುಕೊಂಡ ಗಂಟಿನ ಸರದಿ, ಹೀಗೆ ಬುಡದವರೆಗೆ. ಒಂದೇ ಒಂದು ಎಚ್ಚರ: ತನ್ನನ್ನು ಒಳಗಿಟ್ಟುಕೊಂಡ ಗಂಟಿನೊಡನೆ ಯಾವುದೂ ಜಾಗ ಬದಲಿಸುವಂತಿಲ್ಲ.

ಈವರೆಗೆ ಬಾರದೇ ಇದ್ದ ಮಾಲು ಬಂದರೆ? ಅದಕ್ಕೆಂದೇ ಸಾಲಿನ ಕೊನೆಯಲ್ಲಿ ‘ಹೊಸಬ’ ಎಂಬ ಖಾಲಿ ಜಾಗ ಸದಾ ಇರುತ್ತದೆ. ಮೊದಲು ಆ ಜಾಗದ ಸಂಕೇತ ಕಳಿಸಿ, ಹಿಂದೆಯೇ ಮಾಲಿನ ಹೆಸರನ್ನು ಪೂರ್ತಿ ಕಳಿಸುತ್ತಾರೆ. ಮರುಕ್ಷಣದಿಂದ ಅದೂ ಸಾಲಿನಲ್ಲಿ ಒಂದು.

ನ್ಯೂಟನ್ ಫಾಲರ್ 1973ರಲ್ಲಿ, ರಾಬರ್ಟ್ ಗ್ಯಾಲೆಗರ್ 1978ರಲ್ಲಿ ಬೇರೆ ಬೇರೆಯಾಗಿ ಈ ಮಾರ್ಗ ಕಂಡರು. 1985ರಲ್ಲಿ ಡೊನಾಲ್ಡ್ ಕ್ನೂಥ್ ಇದನ್ನು ತಿದ್ದಿ ಬೆಳೆಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಇದನ್ನು ಎಫ್‌ಜಿಕೆ ಎನ್ನುವುದು ರೂಢಿ. 1987ರಲ್ಲಿ ಜೆಫ್ರಿ ವಿಟ್ಟರ್ ಸಾಲಿನ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ ಒಂದು ಭರವಸೆಯನ್ನೂ ಸಾಧಿಸಿ ತೋರಿಸಿದರು: ಹೊಸಬರ ಹೆಸರು, ಕೋಷ್ಟಕಗಳ ಖರ್ಚು ಬದಿಗಿಟ್ಟರೆ, ಮೊದಲೇ ಎಲ್ಲವನ್ನೂ ಎಣಿಸಿ ಕಟ್ಟಿದ ಸಂಕೇತಕ್ಕಿಂತ ಇದು ಅಕ್ಷರಕ್ಕೆ ಒಂದು ಬಿಟ್‌ಗಿಂತ ಹೆಚ್ಚು ಸೋಲುವುದಿಲ್ಲ. ಮುಂದೇನು ಬರುತ್ತದೆಂದು ಅರಿಯದವನು ಎಲ್ಲವನ್ನೂ ಅರಿತವನ ಇಷ್ಟು ಹತ್ತಿರ ನಿಲ್ಲುವುದು ನನಗಂತೂ ಸಣ್ಣ ಮಾತೆನಿಸುವುದಿಲ್ಲ.

ಲೋಪಗಳಿಲ್ಲವೆಂದಲ್ಲ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಎರಡೂ ಊರಿನ ಪುಸ್ತಕಗಳು ಬೇರೆಯಾಗುತ್ತವೆ. ಅಲ್ಲಿಂದ ಮುಂದೆ ಹತ್ತಿ ಎಂದದ್ದು ಶೇಂಗಾ ಆಗಿ ಕೇಳಿಸುತ್ತದೆ. ಇನ್ನೊಂದು, ಗುಮಾಸ್ತನ ನೆನಪು ಅತಿಯಾದರೂ ಕಷ್ಟ. ಸುಗ್ಗಿಯಲ್ಲಿ ಗೋವಿನಜೋಳಕ್ಕೆ ಐವತ್ತು ಸಾವಿರ ಗೀಟು ಬಿದ್ದಿದ್ದರೆ ಮೆಣಸಿನಕಾಯಿ ಅದನ್ನು ಹಿಂದೆ ಹಾಕುವ ಹೊತ್ತಿಗೆ ಅದರ ಕಾಲವೇ ಮುಗಿದಿರುತ್ತದೆ. ಆದ್ದರಿಂದ ಆಗಾಗ ಎಲ್ಲ ಎಣಿಕೆಗಳನ್ನೂ ಅರ್ಧಕ್ಕಿಳಿಸುವುದುಂಟು. ಹಳೆಯದು ಮಸುಕಾಗುತ್ತದೆ, ಹೊಸದಕ್ಕೆ ತೂಕ ಬರುತ್ತದೆ.

ಅರವತ್ತೈದು ಮನೆ, ಇಪ್ಪತ್ತೇಳು ಹೊಸಬರು

ಈಗ ಕನ್ನಡಕ್ಕೆ ಬರೋಣ. ಗಣಕದಲ್ಲಿ ‘ಹಾವೇರಿ’ ಎಂದು ಬರೆಯಲು ಆರು ಚಿಹ್ನೆ ಬೇಕು: ಹ, ದೀರ್ಘ, ವ, ಏತ್ವ, ರ, ಗುಡಿಸು. ಇಂಗ್ಲಿಷಿನಲ್ಲಿ ಬರೆದರೂ ಆರೇ ಅಕ್ಷರ. ಆದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್–8 ಪದ್ಧತಿಯಲ್ಲಿ ಇಂಗ್ಲಿಷಿನ ಹಾವೇರಿಗೆ 6 ಬೈಟ್, ಕನ್ನಡದ ಹಾವೇರಿಗೆ 18 ಬೈಟ್. ಕನ್ನಡದ ‘ರಾಣೆಬೆನ್ನೂರು’ 36 ಬೈಟ್ ಹಿಡಿಯುತ್ತದೆ. 1991ರ ಇಸ್ಕಿ ಎಂಬ ಭಾರತೀಯ ಮಾನಕದಲ್ಲಿ ಒಂದು ಚಿಹ್ನೆಗೆ ಒಂದೇ ಬೈಟ್ ಸಾಕಾಗಿತ್ತು. ಜಗತ್ತಿನ ಲಿಪಿಗಳೆಲ್ಲ ಒಂದೇ ಚಪ್ಪರದಡಿ ಬಂದಾಗ ಇಂಗ್ಲಿಷಿಗೆ ಒಂದು, ಕನ್ನಡಕ್ಕೆ ಮೂರು ಎಂದು ಹಂಚಿಕೆಯಾಯಿತು. ಬೆಂಗಳೂರಿಗೆ 80, ರಾಣೆಬೆನ್ನೂರಿಗೆ 8373 ಕೊಟ್ಟ ಹಾಗೆಯೇ.

ಈ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179. ನಿಜವಾದ ಸುದ್ದಿ ಇರುವುದು ಬಹುಪಾಲು ಮೂರನೆಯದರಲ್ಲಿ. ಕಲಿಯುವ ಸಂಕೇತಕ್ಕೆ ಒಂದು ಕನ್ನಡ ಕಾದಂಬರಿ ಕೊಟ್ಟು ನೋಡಿ. ಪುಟ ತಿರುವುವುದರೊಳಗೆ ಅದು 224ರ ಗುಟ್ಟು ಹಿಡಿದು ಒಂದೆರಡು ಬಿಟ್‌ಗೆ ಇಳಿಸಿರುತ್ತದೆ. ಅದಕ್ಕಿಂತ ಕೆಳಕ್ಕೆ ಇಳಿಸಲಾರದು, ಏಕೆಂದರೆ ಹಫ್‌ಮನ್ ಜಾತಿಯ ಸಂಕೇತದಲ್ಲಿ ಏನೂ ಹೇಳದ ಚಿಹ್ನೆಗೂ ಕನಿಷ್ಠ ಒಂದು ಬಿಟ್ ತೆರಿಗೆ ಇದೆ. ಬೈಟುಗಳನ್ನು ಬಿಟ್ಟು ಕನ್ನಡದ ಚಿಹ್ನೆಗಳನ್ನೇ ಎಣಿಸಲು ಹೇಳಿದರೆ ಆ ತೆರಿಗೆಯೂ ಉಳಿಯುತ್ತದೆ. ‘ಅಕ್ಷರ’ ಎಂದರೇನೆಂದು ಯಂತ್ರಕ್ಕೆ ಸರಿಯಾಗಿ ಹೇಳುವವರು ಬೇಕು, ಅಷ್ಟೇ.

ದೊಡ್ಡ ಬರಹಕ್ಕೆ ಇದೆಲ್ಲ ಸರಿ. ಮೊಬೈಲಿಗೆ ಬರುವ ಸಣ್ಣ ಸಂದೇಶದ ಗತಿ ಬೇರೆ. ಎಸ್ಸೆಮ್ಮೆಸ್ ಎಂಬ ಚೀಟಿಯ ಅಳತೆ 140 ಬೈಟ್. ಇಂಗ್ಲಿಷಿನಲ್ಲಿ ಅದರಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದಲ್ಲಿ ಸಾಮಾನ್ಯವಾಗಿ 70 ಚಿಹ್ನೆ. ತಂತಿ ನಿಂತ 2013ರ ಜುಲೈನಲ್ಲಿಯೇ ಕೇಂದ್ರ ಸರ್ಕಾರ ರೈತರಿಗೆ ಸಂದೇಶ ಕಳಿಸುವ ಎಂ–ಕಿಸಾನ್ ಆರಂಭಿಸಿತು. ಈ ವಾಕ್ಯ ನೋಡಿ: ‘ಬ್ಯಾಡಗಿ ಮಾರುಕಟ್ಟೆಯಲ್ಲಿ ಇಂದು ಕಡ್ಡಿ ಮೆಣಸಿನಕಾಯಿ ಆವಕ ಹೆಚ್ಚು, ದರ ಸ್ಥಿರ’. ಒಂಬತ್ತೇ ಪದ. ಎಣಿಸಿದರೆ, ನಡುವಿನ ಖಾಲಿ ಜಾಗ ಸೇರಿ, 65 ಚಿಹ್ನೆ. ದರ ಎಷ್ಟೆಂದು ಹೇಳಲು ಉಳಿದದ್ದು ಐದೇ ಮನೆ. ಡಬ್ಬಿಯ ಸುದ್ದಿಗೆ ಇನ್ನೊಂದು ಚೀಟಿ ಬೇಕು. ಮೊಬೈಲ್ ಮಾನಕದಲ್ಲಿ ಕನ್ನಡಕ್ಕೆಂದೇ ಏಳು ಬಿಟ್‌ನ ಕೋಷ್ಟಕವೊಂದನ್ನು ಆಮೇಲೆ ಸೇರಿಸಿದ್ದಾರೆ. ಅದನ್ನು ಬಳಸಿದರೆ 155 ಚಿಹ್ನೆ ಹಿಡಿಸುತ್ತವೆ. ಆದರೆ ಕಳಿಸುವವನಲ್ಲಿ, ಪಡೆಯುವವನಲ್ಲಿ, ಇಬ್ಬರಲ್ಲೂ ಆ ಕೋಷ್ಟಕ ಇರಬೇಕು.

ಕಲಿಯುವ ಸಂಕೇತ ಇಲ್ಲಿ ನೆರವಾಗದೇ? ಏನೂ ಅರಿಯದೆ ಶುರು ಮಾಡಿದರೆ ಅಷ್ಟಾಗಿ ಇಲ್ಲ. ಮೇಲಿನ 65 ಚಿಹ್ನೆಗಳಲ್ಲಿ 27 ಮೊದಲ ಸಲ ಬಂದಂಥವು, ‘ಹೊಸಬರು’. ಒತ್ತಕ್ಷರ ಮಾಡುವ ಗುರುತು ಆರು ಸಲ, ಗುಡಿಸು ಆರು ಸಲ ಬಂದಿವೆ, ಅವುಗಳಲ್ಲಿ ಲಾಭವುಂಟು. ಆದರೆ ಕಲಿತು ಮುಗಿಯುವ ಮುನ್ನ ಪಾಠವೇ ಮುಗಿದಿರುತ್ತದೆ. ಬಡವನ ಮಾತು ಚಿಕ್ಕದಾಗಿರುತ್ತದೆ, ಚಿಕ್ಕ ಮಾತಿನಲ್ಲಿ ಕಲಿಯಲು ಪುರಸೊತ್ತಿಲ್ಲ.

ಇದಕ್ಕಿರುವ ದಾರಿ, ಎರಡೂ ಕಡೆಯ ಪುಸ್ತಕಗಳಲ್ಲಿ ಮೊದಲೇ ಒಂದಿಷ್ಟು ಗೀಟು ಹಾಕಿಡುವುದು. ಖಾಲಿ ಪುಸ್ತಕದ ಬದಲು ಕನ್ನಡದ ಸಾಮಾನ್ಯ ಎಣಿಕೆಯಿಂದ ಶುರು ಮಾಡುವುದು. ದೊಡ್ಡ ಕಂಪನಿಗಳು ಇಂಥದ್ದನ್ನು ತಮ್ಮ ಭಾಷೆಗಳಿಗೆ ಮಾಡಿಕೊಂಡಿವೆ. ಗೂಗಲ್‌ನ ‘ಬ್ರಾಟ್ಲಿ’ ಎಂಬ ಸಂಕೋಚನ ಪದ್ಧತಿ (ಅದು ಸ್ವಿಸ್ ಬನ್ನಿನ ಹೆಸರು) 2016ರಲ್ಲಿ ಮಾನಕ ರೂಪದಲ್ಲಿ ಪ್ರಕಟವಾಯಿತು. ಅದರ ಒಳಗೇ ಹದಿಮೂರು ಸಾವಿರಕ್ಕೂ ಹೆಚ್ಚು ಪದ–ತುಣುಕುಗಳ ನಿಘಂಟೊಂದಿದೆ. ಅವನ್ನು ಆಯ್ದದ್ದು ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಹಿಂದಿ, ರಷ್ಯನ್, ಅರಬ್ಬಿ ಭಾಷೆಗಳಿಂದ ಮತ್ತು ಜಾಲಪುಟ ಕಟ್ಟುವ ಆಜ್ಞೆಗಳಿಂದ. ಕನ್ನಡ ಪುಟವೂ ಅದೇ ಯಂತ್ರದಲ್ಲಿ ಅಡಕವಾಗುತ್ತದೆ, ಮುಂಗಡ ಮಾತ್ರ ಸಿಗುವುದಿಲ್ಲ.

ಕನ್ನಡವನ್ನು ಎಣಿಸಿದವರು ಇಲ್ಲವೆಂದಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿಯೇ ಕನ್ನಡ ಗದ್ಯವನ್ನು ಗಣಕಕ್ಕೇರಿಸಿ ಲಕ್ಷಾಂತರ ಪದಗಳ ಸಂಗ್ರಹ ಮಾಡಿತು. ಅದಕ್ಕೂ ಮುಂಚೆ ಎಣಿಸಿದವರು ಮೊಳೆ ಜೋಡಿಸುವ ಕಂಪೋಜಿಟರುಗಳು. ಹೆಚ್ಚು ಬೇಕಾಗುವ ಅಕ್ಷರದ ಮೊಳೆ ಕೈಗೆ ಹತ್ತಿರದ ದೊಡ್ಡ ಖಾನೆಯಲ್ಲಿ, ಅಪರೂಪದ್ದು ದೂರದ ಸಣ್ಣ ಖಾನೆಯಲ್ಲಿ. ಕಾಗದ ಪೆನ್ನಿಲ್ಲದೆ ಕೈಯೇ ಮಾಡಿದ ಎಣಿಕೆ ಅದು.

ಆದರೆ ಯಾವ ಕನ್ನಡದ ಎಣಿಕೆ? ಪುಸ್ತಕದ ಕನ್ನಡದಲ್ಲಿ ‘ಐ’ ವಿರಳ. ಐದು, ಐಶ್ವರ್ಯ, ಐತಿಹಾಸಿಕ ಎಂದು ಅಲ್ಲೊಂದು ಇಲ್ಲೊಂದು. ಮೊಳೆಯ ಖಾನೆಯಲ್ಲಿ ಅದರ ಜಾಗ ಮೂಲೆ. ರಾಣೆಬೆನ್ನೂರಿನ ಪೇಟೆಯಲ್ಲಿ ನಿಂತು ಕೇಳಿ: ‘ರೇಟ್ ಎಷ್ಟ್ ಐತಿ?’ ‘ಮಾಲ್ ಚಲೋ ಐತಿ.’ ‘ನಾಳಿ ಗಾಡಿ ಐತೇನ್?’ ಮಾತಿಗೊಂದು ‘ಐ’. ಈಗ ಜನ ಮೊಬೈಲಿನಲ್ಲಿ ಮಾತಾಡಿದಂತೆಯೇ ಬರೆಯುತ್ತಾರೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಪುಸ್ತಕ ನೋಡಿ ಎಣಿಸಿ ಕಟ್ಟಿದ ಸ್ಥಿರ ಕೋಷ್ಟಕ ಈ ‘ಐ’ಗೆ ಉದ್ದದ ಸಂಕೇತ ಕೊಟ್ಟು, ಅದು ಬಂದಾಗಲೆಲ್ಲ ದಂಡ ಕಟ್ಟಿಸಿಕೊಳ್ಳುತ್ತದೆ. ಮುಂಗಡ ಗೀಟುಗಳನ್ನು ಹಗುರಾಗಿ ಹಾಕಿಟ್ಟ ಕಲಿಯುವ ಸಂಕೇತವಾದರೆ, ಮೊದಲ ಎರಡು ಮೂರು ‘ಐತಿ’ಗಳಿಗೆ ಅದೂ ಹೆಚ್ಚು ತೆರುತ್ತದೆ. ಆಮೇಲೆ ಎರಡೂ ತುದಿಯ ಪುಸ್ತಕಗಳಲ್ಲಿ ‘ಐ’ ಸಾಲಿನ ಹಿಂದಿನಿಂದ ಒಬ್ಬೊಬ್ಬರೊಡನೆ ಜಾಗ ಬದಲಿಸುತ್ತ ಮುಂದಕ್ಕೆ ಬರತೊಡಗುತ್ತದೆ.